ಒಂದು ಸಾಲಿಗೆ ಒಂದೇ ಹುಕುಂ

ಅಕ್ಕೋರು ಹೋದರೆಂಬ ಸುದ್ದಿ ಬಂದಾಗ ನಾನು ಮೊದಲು ಮಾಡಿದ ಕೆಲಸ ಹೇಳಿದರೆ ನೀವು ನಗುತ್ತೀರಿ. ಮೂಲೆಯ ಅಂಗಡಿಗೆ ಹೋಗಿ ಸೋಡಾ ಬಾಟಲಿಯ ತಗಡಿನ ಬಿಲ್ಲೆಯೊಂದನ್ನು ಕೇಳಿ ತಂದೆ. ಮೊಳೆ ಇಟ್ಟು ಅದಕ್ಕೊಂದು ತೂತು ಹೊಡೆದೆ. ಅಂಗಿಯ ಜೇಬಿಗೆ ಹಾಕಿಕೊಂಡು ಲಿಂಗಸುಗೂರಿನಲ್ಲಿ ಹಟ್ಟಿಯ ಬಸ್ಸು ಹತ್ತಿದೆ. ಅವರ ಮನೆಯ ಗೋಡೆಯ ಮೇಲೆ ಒಂದು ಹಲಗೆ ಇದೆ, ಅದರಲ್ಲಿ ಒಂದು ಮೊಳೆ ವರ್ಷಗಟ್ಟಲೆ ಖಾಲಿ ಉಳಿದಿದೆ, ಅದಕ್ಕೆ ಈ ಬಿಲ್ಲೆ ಹಾಕಿ ಬರೋಣವೆಂದು. ಸತ್ತವರ ಮನೆಗೆ ಹೂವಿನ ಹಾರ ಒಯ್ಯುವುದು ಬಿಟ್ಟು ಇದೆಂಥ ಹುಚ್ಚು ಎಂದು ಹೆಂಡತಿ ಬೈದಳು.

ಅವರ ಹೆಸರು ಬರೆಯುವುದಿಲ್ಲ. ಅವರೇ ತಮ್ಮ ಹೆಸರನ್ನು ಎಲ್ಲೂ ಬರೆದವರಲ್ಲ. ತಾವು ತಯಾರಿಸಿದ ಕಂಪ್ಯೂಟರ್ ಗೈಡಿನ ಮೊದಲ ಪುಟದಲ್ಲಿ ಹಾಕಿಸಿದ್ದು ಇಷ್ಟೇ: ‘ಇದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಿರಿ. ತಪ್ಪು ಕಂಡರೆ ತಿದ್ದಿರಿ. ತಿದ್ದಿದ್ದನ್ನು ನಮಗೂ ತಿಳಿಸಿರಿ.’ ಆ ಕಾಲದಲ್ಲಿ ಇಂಥ ಮಾತನ್ನು ನಾನು ಕೇಳಿರಲಿಲ್ಲ. ನಮ್ಮ ಧಂದೆಯಲ್ಲಿ ಪ್ರತಿಯೊಬ್ಬನೂ ತನ್ನ ನೋಟ್ಸನ್ನು ಬೀರುವಿನಲ್ಲಿಟ್ಟು ಕೀಲಿ ಹಾಕುವವನೇ.

ನಾನು ಲಿಂಗಸುಗೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಾಸ್ತರನಾಗಿದ್ದೆ. ಎಂಬತ್ತರ ದಶಕವೆಲ್ಲ ನಮ್ಮದೇ ದರ್ಬಾರು. ಬೀದಿಯಲ್ಲಿ ಹೋಗುವವರಿಗೆ ನಮ್ಮ ಮಷಿನ್ನುಗಳ ಕಟಕಟ ಕೇಳಿಸಬೇಕು, ಆಗಲೇ ಅದು ಇನ್‌ಸ್ಟಿಟ್ಯೂಟು. ತೊಂಬತ್ತರ ಹೊತ್ತಿಗೆ ಮಾಲೀಕರು ಎರಡು ಕಂಪ್ಯೂಟರ್ ತಂದು ಪಕ್ಕದ ಕೋಣೆಯಲ್ಲಿ ಕೂಡಿಸಿ, ಕಿಟಕಿಗೆ ಪರದೆ ಕಟ್ಟಿ, ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆಸಿದರು. ನಮ್ಮ ಮನೆಯ ದೇವರ ಕೋಣೆಗೂ ಅಷ್ಟು ಮಡಿ ಇರಲಿಲ್ಲ. ಆ ಕೋಣೆಯಲ್ಲಿ ಕಲಿಸಲೆಂದು ಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರೇ ಅಕ್ಕೋರು. ಮೂವತ್ತು ದಾಟಿದ್ದ ಬಡಕಲು ಹೆಂಗಸು. ತಂದೆ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿದವರು. ಹೈದರಾಬಾದಿನಲ್ಲಿ ಎರಡು ವರ್ಷ ಇದ್ದು ಕಂಪ್ಯೂಟರ್ ಕಲಿತು ಬಂದಿದ್ದರು. ದನಿ ಎಷ್ಟು ಸಣ್ಣದೆಂದರೆ, ಅವರು ಪಾಠ ಮಾಡುವಾಗ ನಾನು ನನ್ನ ಹುಡುಗರ ಮಷಿನ್ನು ನಿಲ್ಲಿಸಬೇಕಾಗುತ್ತಿತ್ತು.

ಅವರ ಕಲಿಸುವ ರೀತಿ ವಿಚಿತ್ರ. ಒಂದು ಸಾಲು ಹೊಡೆದ ಕೂಡಲೇ ‘ಎಂಟರ್’ ಒತ್ತಲು ಬಿಡುತ್ತಿರಲಿಲ್ಲ. ಎರಡೂ ಕೈಗಳನ್ನು ಕೀಲಿಗಳಿಂದ ಎತ್ತಿ ತೊಡೆಯ ಮೇಲಿಟ್ಟುಕೊಳ್ಳಬೇಕು. ಸಾಲನ್ನು ಬಾಯಿಬಿಟ್ಟು ಓದಬೇಕು. ಆಮೇಲೆ ಒಂದು ಬೆರಳು ಮಾತ್ರ ಮುಂದೆ ಬರಬೇಕು. ಸ್ವತಃ ಅವರೂ ಹಾಗೇ ಮಾಡುತ್ತಿದ್ದರು, ಕೋಣೆಯಲ್ಲಿ ಒಬ್ಬರೇ ಇದ್ದಾಗಲೂ. ಪರದೆಯ ಸಂದಿಯಿಂದ ನಾನೇ ನೋಡಿದ್ದೇನೆ.

“ಏನ್ರಿ ಅಕ್ಕೋರ, ಬಾಂಬ್ ಐತೇನ್ರಿ ಅದರಾಗ?” ಎಂದು ಒಮ್ಮೆ ಕೆಣಕಿದೆ.

“ಬಾಂಬ್ ಆದ್ರ ಸಪ್ಪಳ ಮಾಡ್ತದ್ರಿ ಮಾಸ್ತರ. ಇದು ಮಾಡಂಗಿಲ್ಲ,” ಎಂದರು. ನಗುತ್ತಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ.

ಅಂಜುವುದರಲ್ಲಿ ನಾನೇನು ಕಡಿಮೆಯಲ್ಲ. ಹಲ್ಲಿಗೆ ಅಂಜುತ್ತೇನೆ, ಗುಡುಗಿಗೆ ಅಂಜುತ್ತೇನೆ, ಪರೀಕ್ಷೆ ನೋಡಲು ಬರುವ ಸಾಹೇಬರನ್ನು ಕಂಡರಂತೂ ಬೆವರುತ್ತೇನೆ. ಆದರೆ ನನ್ನ ಅಂಜಿಕೆ ಬಂದು ಹೋಗುವಂಥದು. ಅವರದು ಮನೆಮಂದಿಯ ಹಾಗೆ ಜೊತೆಯಲ್ಲೇ ಇರುತ್ತಿತ್ತು. ಅದು ಎಲ್ಲಿಂದ ಬಂತೆಂದು ಒಂದು ದಿನ ಅವರೇ ಹೇಳಿದರು.

ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆಯ ಬಿಲ್ಲೆ. ಮೇಲೆ ಒಂದು ಹಲಗೆ, ಅದರ ತುಂಬ ಮೊಳೆಗಳು. ಇಳಿಯುವಾಗ ತನ್ನ ಮೊಳೆಯಿಂದ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಅದೇ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದೆಯೆಂದರೆ ಆ ಮನುಷ್ಯ ಇನ್ನೂ ಕೆಳಗೇ ಇದ್ದಾನೆಂದು ಲೆಕ್ಕ. ಒಂದು ಮೊಳೆಗೆ ಎರಡು ಬಿಲ್ಲೆ ಹಾಕುವಂತಿಲ್ಲ, ಇನ್ನೊಬ್ಬನ ಬಿಲ್ಲೆ ನೀನು ಹಾಕುವಂತಿಲ್ಲ. ಅಕ್ಕೋರು ಸಣ್ಣವರಿದ್ದಾಗ ಒಂದು ಸಲ ಅಪ್ಪನಿಗೆ ಬುತ್ತಿ ಕೊಡಲು ಹೋಗಿದ್ದರಂತೆ. ಪಾಳಿ ಮುಗಿದಿದೆ, ಎಲ್ಲರೂ ಬಂದಿದ್ದಾರೆ, ಅಪ್ಪನ ಮೊಳೆ ಮಾತ್ರ ಖಾಲಿ.

“ನಾ ಆ ಮೊಳಿ ಮುಂದ ನಿಂತೆ ನೋಡ್ರಿ. ಅಳಾಕನೂ ಬರವಲ್ದು. ಎಷ್ಟು ಹೊತ್ತು ನಿಂತೀನೋ ಏನೋ. ಆಮ್ಯಾಗ ನೋಡಿದ್ರ ನಮ್ಮಪ್ಪ ಮ್ಯಾಲ ಬಂದಾನ, ಬಿಲ್ಲಿ ಕಿಸೆದಾಗ ಮರ್ತಾನ, ಕ್ಯಾಂಟೀನ್‌ನ್ಯಾಗ ಕುಂತು ಚಹಾ ಕುಡಿಯಾಕತ್ತಾನ!”

“ಮುಂದೇನ್ ಮಾಡಿದ್ರಿ?”

“ಹೋಗಿ ಹೊಡದೆ ಅವಗ. ಎಲ್ಲಾರ ಮುಂದ ಹೊಡದೆ.” ಆಗ ನಕ್ಕರು. ಮೇಲಿನ ಸಾಲಿನ ಒಂದು ಹಲ್ಲು ತುಸು ಮುಂದೆ ಇತ್ತು. ನಕ್ಕಾಗ ಸಣ್ಣ ಹುಡುಗಿಯ ಹಾಗೆ ಕಾಣುತ್ತಿದ್ದರು.

ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಜಗಳ, ಕಾಗದದ್ದು. ಟೈಪಿಂಗಿನವರಿಗೆ ಹಾಳೆಯ ಮೇಲಿನ ಖಾಲಿ ಜಾಗವೆಂದರೆ ಪಾಪ. ಪ್ರತಿ ತೆಗೆಯುವ ಮೇಣದ ಹಾಳೆ, ಅಂದರೆ ಸ್ಟೆನ್ಸಿಲ್, ತುಟ್ಟಿ, ಅದನ್ನು ಈ ಅಂಚಿನಿಂದ ಆ ಅಂಚಿಗೆ ತುಂಬಿಸಿ ಹೊಡೆದವನೇ ಜಾಣ. ಮೂರು ಹಾಳೆಯ ಮಜಕೂರನ್ನು ಎರಡರಲ್ಲಿ ಕೂಡಿಸಿದ ಹುಡುಗನ ಬೆನ್ನು ತಟ್ಟುವುದು ನಮ್ಮ ಕಡೆ ಎಲ್ಲ ಟೈಪಿಂಗ್ ಮಾಸ್ತರರ ರೂಢಿ. ಅಕ್ಕೋರ ಗೈಡನ್ನು ಸ್ಟೆನ್ಸಿಲ್ ಮೇಲೆ ಹೊಡೆಯುವ ಕೆಲಸ ನನಗೆ ಬಂತು. ಅವರು ಕೊಟ್ಟ ಬರಹವನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಒಂದು ಸಾಲಿನಲ್ಲಿ ನಾಲ್ಕೇ ಅಕ್ಷರ, ಉಳಿದದ್ದೆಲ್ಲ ಬಯಲು. ಕಂಪ್ಯೂಟರಿಗೆ ಹೊಡೆಯಬೇಕಾದ ಸಾಲುಗಳ ಸುತ್ತ ಗೆರೆಯ ಚೌಕಟ್ಟು. ಮನುಷ್ಯರಿಗೆ ಹೇಳುವ ವಿವರಣೆ ಎಡಗಡೆಯ ಪುಟದಲ್ಲಿ, ಯಂತ್ರಕ್ಕೆ ಹೇಳುವ ಹುಕುಂ ಬಲಗಡೆಯ ಪುಟದಲ್ಲಿ.

“ಅಕ್ಕೋರ, ಇಷ್ಟು ಜಾಗಾ ಬಿಟ್ರ ಮಾಲೀಕರು ನನ್ನ ಬಿಡ್ತಾರೇನ್ರಿ? ಎರಡೆರಡು ಸಾಲು ಕೂಡಿಸಿ ಹೊಡದ್ರ ಏನಾಗ್ತದ?”

“ಮನುಷ್ಯಾಗ ಹೇಳೋ ಮಾತು ಬ್ಯಾರೆ, ಮಷಿನ್ನಿಗೆ ಹೇಳೋ ಮಾತು ಬ್ಯಾರೆ. ಎರಡೂ ಒಂದ ಸಾಲಿನ್ಯಾಗ ಕುಂದ್ರಬಾರ್ದ್ರಿ. ಒಂದು ಸಾಲಿಗೆ ಒಂದ ಹುಕುಂ.” ಆಮೇಲೆ ಮೆಲ್ಲಗೆ, “ಖಾಲಿ ಜಾಗಾ ದಂಡ ಅಲ್ರಿ ಮಾಸ್ತರ. ಉಸಿರಾಡಾಕ ಬಿಟ್ಟ ಗಾಳಿ ಅದು,” ಎಂದರು.

ಗಣಿಯವರ ಮಗಳು ಗಾಳಿಯ ವಿಷಯ ಎತ್ತಿದರೆಂದರೆ ಜಗಳ ಮುಗಿದ ಹಾಗೆ. ಗೊಣಗುತ್ತ ಅವರು ಹೇಳಿದ ಹಾಗೇ ಹೊಡೆದೆ. ಪ್ರತಿ ಸ್ಟೆನ್ಸಿಲ್ಲನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಸಾಲು ಸಾಲಾಗಿ ನೋಡಿದರು. ಆ ಗೈಡಿನ ಕೊನೆಯಲ್ಲಿ ಒಂದು ಮಾದರಿ ಕಾರ್ಯಕ್ರಮ, ಅಂದರೆ ಕಂಪ್ಯೂಟರಿಗೆ ಕೊಡುವ ಹುಕುಮ್ಮುಗಳ ಪಟ್ಟಿ, ಇತ್ತು. ನಮ್ಮ ಕಡೆಯ ಹುಡುಗರಿಗೆ ತಿಳಿಯಲೆಂದು ಅಕ್ಕೋರು ಬೇಕೆಂದೇ ಭತ್ತದ ಗದ್ದೆಯ ಲೆಕ್ಕವನ್ನು ಆರಿಸಿಕೊಂಡಿದ್ದರು. ಪೈರಿಗೆ ಹುಳದ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವಾಗ ಒಂದು ಪಂಪಿಗೆ ಎಷ್ಟು ಎಣ್ಣೆ ಹಾಕಬೇಕೆಂದು ಅದು ಹೇಳುತ್ತಿತ್ತು. ಇಂಜಿನ್ ಪಂಪಾದರೆ ನೀರು ಕಡಿಮೆ ಹಿಡಿಯುತ್ತದೆ, ಆದ್ದರಿಂದ ಎಣ್ಣೆ ಗಟ್ಟಿ ಇರಬೇಕು. ಬೆನ್ನಿಗೆ ಕಟ್ಟಿಕೊಂಡು ಕೈಯಿಂದ ಒತ್ತುವ ಪಂಪಾದರೆ ಅದರಲ್ಲಿ ಮೂರನೆಯ ಒಂದು ಪಾಲು ಸಾಕು. ಕಾರ್ಯಕ್ರಮ ಮೊದಲು ಇಂಜಿನ್ ಪಂಪಿನ ಲೆಕ್ಕ ಮಾಡುತ್ತಿತ್ತು. ಆಮೇಲೆ ಒಂದು ಸಾಲಿನಲ್ಲಿ ‘ರೆಮ್’ ಎಂದು ಶುರುಮಾಡಿ, ಮುಂದಿನದು ಕೈಪಂಪಿನ ಲೆಕ್ಕ ಎಂಬ ಟಿಪ್ಪಣಿ. ಅದರ ಕೆಳಗಿನ ಸಾಲಿನಲ್ಲಿ, ಮೂರರಿಂದ ಭಾಗಿಸು ಎಂಬ ಹುಕುಂ.

‘ರೆಮ್’ ಎಂದರೆ ಏನೆಂದು ನನ್ನಂಥ ಏನೂ ಅರಿಯದ ಅನಾಡಿಗೂ ಅವರು ತಿಳಿಸಿಕೊಟ್ಟಿದ್ದರು. ಒಂದು ಸಾಲಿನಲ್ಲಿ ಆ ಮಾತು ಬಂತೆಂದರೆ, ಅದರ ಮುಂದೆ ಆ ಸಾಲು ಮುಗಿಯುವವರೆಗೆ ಏನೇ ಇದ್ದರೂ ಕಂಪ್ಯೂಟರು ಓದುವುದಿಲ್ಲ. ಅದು ಮನುಷ್ಯರಿಗಾಗಿ ಬರೆದದ್ದೆಂದು ಬಿಟ್ಟು ಮುಂದೆ ಹೋಗುತ್ತದೆ.

ಗೈಡು ಊರೂರಿಗೆ ಹೋಯಿತು. ಮಸ್ಕಿಗೆ, ಸಿಂಧನೂರಿಗೆ, ಬಳಗಾನೂರಿಗೆ. ಯಾರು ಕೇಳಿದರೂ ಅಕ್ಕೋರು ಕೊಡುತ್ತಿದ್ದರು. ಸಿಂಧನೂರಿನ ಇನ್ನೊಂದು ಇನ್‌ಸ್ಟಿಟ್ಯೂಟಿನವನು ಒಂದು ಪ್ರತಿ ಒಯ್ದು ತಾನೇ ಬೇರೆ ಸ್ಟೆನ್ಸಿಲ್ ಹೊಡೆಸಿ ಹಂಚಿದನೆಂದು ಕೇಳಿ ನನಗೆ ಸಿಟ್ಟು ಬಂತು. ಅವರಿಗೆ ಬರಲಿಲ್ಲ. “ನಕಲು ಮಾಡ್ರಿ ಅಂತ ನಾವ ಬರದೀವಲ್ರಿ,” ಎಂದರು. ಅಂದು ಅವರ ಮುಖದಲ್ಲಿ ನಿಜವಾದ ಸಂತೋಷ ಇತ್ತು. ಆಮೇಲೆ ಅಷ್ಟು ನಿರಾಳವಾಗಿ ಅವರನ್ನು ನಾನು ನೋಡಲೇ ಇಲ್ಲ.

ವಾರಕ್ಕೊಮ್ಮೆ ನಾವಿಬ್ಬರೂ ಮಸ್ಕಿಯ ಶಾಖೆಗೆ ಹೋಗುತ್ತಿದ್ದೆವು. ನಾನು ಟೈಪಿಂಗಿಗೆ, ಅವರು ಕಂಪ್ಯೂಟರಿಗೆ. ಹಾಗೆ ಹೋದ ಒಂದು ದಿನ ಬೆಳಗ್ಗೆ ಸಿಂಧನೂರಿನಿಂದ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅಲ್ಲಿನ ಗೈಡು ತಂದಿದ್ದಳು. ಅಕ್ಕೋರು ಕುತೂಹಲದಿಂದ ಅದನ್ನು ಬಿಡಿಸಿದರು. ಚೌಕಟ್ಟು ಇಲ್ಲ, ಎಡ ಬಲ ಇಲ್ಲ. ಎಲ್ಲ ಸಾಲುಗಳನ್ನೂ ಒಂದರ ಹಿಂದೊಂದು ಜೋಡಿಸಿ, ಅಂಚಿನಿಂದ ಅಂಚಿಗೆ ತುಂಬಿಸಿ, ಅಚ್ಚುಕಟ್ಟಾಗಿ ಹೊಡೆದಿದ್ದರು. ಟೈಪಿಂಗ್ ಪರೀಕ್ಷೆಯಾಗಿದ್ದರೆ ನಾನೇ ಪೂರಾ ಮಾರ್ಕು ಕೊಡುತ್ತಿದ್ದೆ.

ಅವರ ಬೆರಳು ಕೊನೆಯ ಪುಟಕ್ಕೆ ಬಂದು ನಿಂತಿತು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

“ತಂಗೀ, ಇದನ್ನ ಕಂಪ್ಯೂಟರ್ ಮ್ಯಾಲ ಹೊಡದೀರಿ ಏನವಾ?”

“ಹೊಡದೀವ್ರಿ ಅಕ್ಕೋರ. ನಾಕು ಕಡೆ ತಪ್ಪು ಅಂತ ಬಂತ್ರಿ. ಅಲ್ಲೆ ಸಾಲು ಬಿಡಿಸಿ ಹೊಡದ್ವಿ, ನಡೀತು. ಈಗ ಚಲೋ ನಡಿಯಾಕತ್ತೈತ್ರಿ. ಎಣ್ಣಿ ಅಂಗಡಿ ಸಾವಕಾರೂ ತಮ್ಮ ಕಂಪ್ಯೂಟರಿನ್ಯಾಗ ಹಾಕ್ಕೊಂಡಾರ. ಚೀಟಿ ಬರ್ತೈತಿ, ಎಲ್ಲಾರಿಗೂ ಅದನ್ನ ಕೊಡ್ತಾರ್ರಿ.”

ಅಕ್ಕೋರು ನನ್ನ ಕಡೆ ತಿರುಗಿದರು. ಮುಖ ಸುಣ್ಣವಾಗಿತ್ತು. ನನಗೆ ತಿಳಿಯಲಿಲ್ಲ. ಅವರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ‘ರೆಮ್’ ಎಂಬ ಟಿಪ್ಪಣಿ, ಅದಕ್ಕೆ ಅಂಟಿಕೊಂಡು ಅದೇ ಸಾಲಿನಲ್ಲಿ, ಮೂರರಿಂದ ಭಾಗಿಸು ಎಂಬ ಹುಕುಂ. ಬೇರೆ ಕಡೆ ಸಾಲು ಕೂಡಿಸಿದ್ದಕ್ಕೆ ಕಂಪ್ಯೂಟರು ಬೈದಿತ್ತು, ಅವರು ತಿದ್ದಿಕೊಂಡಿದ್ದರು. ಇಲ್ಲಿ ಮಾತ್ರ ಬೈಯಲಿಲ್ಲ. ಆ ಹುಕುಮ್ಮನ್ನು ಟಿಪ್ಪಣಿಯ ಭಾಗವೆಂದು ತಿಳಿದು ಸುಮ್ಮನೆ ದಾಟಿ ಹೋಗಿತ್ತು. ಕೈಪಂಪಿನವರಿಗೂ ಇಂಜಿನ್ ಪಂಪಿನ ಅಳತೆಯನ್ನೇ ಕೊಡುತ್ತಿತ್ತು. ಮೂರು ಪಟ್ಟು ವಿಷ, ಮನುಷ್ಯನ ಬೆನ್ನಿನ ಮೇಲೆ.

“ಬೈಯ್ಯೋ ತಪ್ಪಿಗೆ ನಾ ಅಂಜಂಗಿಲ್ರಿ ಮಾಸ್ತರ,” ಎಂದರು. ದನಿ ಇನ್ನೂ ಸಣ್ಣದಾಗಿತ್ತು. “ಸುಮ್ನಿರೋ ತಪ್ಪಿಗೆ ಅಂಜತೀನಿ. ಏಳ್ರಿ, ಜಲ್ದಿ ಏಳ್ರಿ.”

ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನಿಂದ ಆ ಅಂಗಡಿಗೆ ಫೋನು ಹಚ್ಚಿದೆವು. ಗುಂಯ್ ಎನ್ನುವುದು ಬಿಟ್ಟರೆ ಏನೂ ಇಲ್ಲ. ಮತ್ತೆ ಹಚ್ಚಿದೆವು. ಅಷ್ಟರಲ್ಲಿ ಸಿಂಧನೂರಿನ ಬಸ್ಸು ಬಂತು. ಅಕ್ಕೋರು ರಿಸೀವರನ್ನು ಹಾಗೇ ಬಿಟ್ಟು ಓಡಿದರು. ಅದನ್ನು ಜಾಗದಲ್ಲಿಟ್ಟು, ಬೂತಿನವನ ಬೈಗುಳ ಕೇಳಿ, ನಾನೂ ಓಡಿದೆ.

ಆ ದಾರಿಯನ್ನು ನಾನು ನೂರಾರು ಸಲ ನೋಡಿದವನು. ಕಾಲುವೆ ಶುರುವಾದ ಮೇಲೆ ಎರಡೂ ಕಡೆ ಹಸಿರು, ನೋಡಲು ತಂಪು. ಅಂದು ಮಾತ್ರ ಕಿಟಕಿಯ ಹೊರಗೆ ನೋಡಲು ನನಗೆ ಧೈರ್ಯ ಬರಲಿಲ್ಲ. ಎಣ್ಣೆ ಹೊಡೆಯುವ ಕಾಲ. ಗದ್ದೆಗೊಬ್ಬ ಪಂಪು ಕಟ್ಟಿಕೊಂಡು ನಡೆಯುತ್ತಿದ್ದಾನೆ, ಮುಖದ ಮುಂದೆ ಬಿಳಿ ಹೊಗೆಯಂಥ ತುಂತುರು. ಇವನು ಯಾವ ಅಂಗಡಿಯಿಂದ ಎಣ್ಣೆ ತಂದವನು? ಅವನ ಕಿಸೆಯಲ್ಲಿ ಯಾವ ಚೀಟಿ ಇದೆ? ಪಕ್ಕದಲ್ಲಿ ಅಕ್ಕೋರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು, ಎಂಟರ್ ಒತ್ತುವ ಮುಂಚೆ ಕೂಡುವ ಹಾಗೆ.

“ನಾ ಬಿಟ್ಟ ಕಾಗದ ಎಲ್ಲೆಲ್ಲಿ ಹೋಗ್ಯಾವೋ ಏನೋ,” ಎಂದು ಒಂದೇ ಸಲ ಅಂದರು.

ಅಂಗಡಿಯ ಸಾವಕಾರರು ಮೊದಲು ನಗಾಡಿದರು. ಕಂಪ್ಯೂಟರ್ ತಪ್ಪು ಮಾಡುತ್ತದೆಯೇ ಎಂದರು. ಅಕ್ಕೋರು ಅವರ ಮುಂದೆಯೇ ಅದಕ್ಕೆ ಕೈಪಂಪಿನ ಲೆಕ್ಕ ಕೇಳಿದರು, ಆಮೇಲೆ ಇಂಜಿನ್ ಪಂಪಿನ ಲೆಕ್ಕ ಕೇಳಿದರು. ಎರಡು ಚೀಟಿಯಲ್ಲೂ ಒಂದೇ ಅಳತೆ. ಸಾವಕಾರರ ನಗು ಹೋಯಿತು. ಹಿಂದಿನ ದಿನವಷ್ಟೇ ಅದನ್ನು ಶುರುಮಾಡಿದ್ದರು. ಚೀಟಿ ಒಯ್ದವರಲ್ಲಿ ಹೆಚ್ಚಿನವರು ಇಂಜಿನ್ ಪಂಪಿನವರು. ಕೈಪಂಪಿಗೆಂದು ಒಯ್ದವನು ಒಬ್ಬನೇ, ಜವಳಗೇರಾ ಕಡೆಯವನು, ಅಂದೇ ಬೆಳಗ್ಗೆ.

“ಗದ್ದಿ ಬ್ಯಾರೇದವರದ್ರಿ, ಇವ ಕೂಲಿಗೆ ಹೊಡ್ಯಾಂವ. ಚೀಟಿ ಹೆಂಗೈತಿ ಹಂಗ ಹಾಕು ಅಂತ ನಾನ ಹೇಳೀನಿ,” ಎಂದರು ಸಾವಕಾರರು.

ಜವಳಗೇರಾಕ್ಕೆ ಬಸ್ಸು, ಅಲ್ಲಿಂದ ಕಾಲುವೆಯ ದಂಡೆಗುಂಟ ಒಂದು ಟ್ರ್ಯಾಕ್ಟರಿನ ಹಿಂದೆ ನಿಂತು ಹೋದೆವು. ದೂರದಿಂದಲೇ ಒಬ್ಬ ಹೆಂಗಸು ನೀರಿನ ಕೊಡ ಬಿಸಾಕಿ ಎರಡೂ ಕೈ ಎತ್ತಿ ಕೂಗುತ್ತಿದ್ದಳು. ಖರೆ ಹೇಳುತ್ತೇನೆ, ಟ್ರ್ಯಾಕ್ಟರು ಅಲ್ಲೇ ಕೆಟ್ಟು ನಿಲ್ಲಲಿ, ಹತ್ತಿರ ಹೋಗುವುದು ತಪ್ಪಲಿ ಎನ್ನಿಸಿತು.

ಬೇವಿನ ಗಿಡದ ಕೆಳಗೆ ಅವನು ಬಿದ್ದಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಬೆವರು, ಕೈಕಾಲಿನ ಮಾಂಸ ತಾನೇ ತಾನಾಗಿ ಅದುರುತ್ತಿತ್ತು. ಪಂಪು ಇನ್ನೂ ಬೆನ್ನಿಗೇ ಇತ್ತು, ಅದು ಸೋರಿ ಅಂಗಿ ತೊಯ್ದಿತ್ತು. ನಾನು ನಿಂತಲ್ಲೇ ನಿಂತೆ. ಪಾಠಕ್ಕೂ ದನಿ ಏರಿಸದ ಅಕ್ಕೋರು ಪಂಪಿನ ಪಟ್ಟಿ ಹರಿದು, ಅಂಗಿ ಹರಿದು, ಬಿದ್ದಿದ್ದ ಕೊಡದಲ್ಲಿ ಕಾಲುವೆಯ ನೀರು ತಂದು ಅವನ ಮೈಮೇಲೆ ಸುರಿದರು, ಮತ್ತೆ ತಂದರು. “ಮಾಸ್ತರ, ಕಾಲು ಹಿಡೀರಿ!” ಎಂದು ಒದರಿದಾಗ ನನಗೆ ಎಚ್ಚರವಾಯಿತು. ಎಲ್ಲರೂ ಸೇರಿ ಅವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸಿಂಧನೂರಿನ ಒಂದು ದವಾಖಾನೆಗೆ ತಂದೆವು.

ಹೊರಗಿನ ಬೆಂಚಿನ ಮೇಲೆ ಅಕ್ಕೋರು ಅವನ ಹೆಂಡತಿಯ ಪಕ್ಕ ಕುಳಿತು, ನಡೆದದ್ದನ್ನೆಲ್ಲ ಹೇಳಿದರು. “ಅವ್ವಾ, ಆ ಲೆಕ್ಕ ಬರದಾಕಿ ನಾನು. ಯಾರು ಬೇಕಾದ್ರೂ ನಕಲು ಮಾಡ್ಕೊರ್ರಿ ಅಂತ ಬಿಟ್ಟಾಕೀನೂ ನಾನ.”

ಆ ಹೆಂಗಸಿಗೆ ಅರ್ಥವಾಗಲಿಲ್ಲ. “ನೀವ್ಯಾಕ ಮಾಡ್ತೀರವ್ವಾ? ನೀವು ನೀರು ಹಾಕೀರಿ,” ಎಂದಳು. ಅಷ್ಟು ಹೇಳಿ ಅಕ್ಕೋರ ಹೆಗಲಿಗೆ ಒರಗಿ ಅಳತೊಡಗಿದಳು.

ಸಂಜೆಯ ಹೊತ್ತಿಗೆ ಅವನು ಎದ್ದು ಕುಳಿತ. ಚಹಾ ಕೇಳಿದ. ನಾನೇ ಕೆಳಗಿಳಿದು ಹೋಗಿ ತಂದುಕೊಟ್ಟೆ, ನನ್ನ ಕಣ್ಣೆದುರೇ ಕುಡಿದ. ಅಂಗಿ ಹರಿದದ್ದಕ್ಕೆ ಅಕ್ಕೋರ ಮೇಲೆ ಸಿಟ್ಟೂ ಮಾಡಿದ. ನನಗೆ ಜೀವ ಬಂದಂತಾಯಿತು. ಲಿಂಗಸುಗೂರಿನ ಬಸ್ಸಿನಲ್ಲಿ ನಾನು ಬಾಯಿಗೆ ಬಂದದ್ದು ಮಾತಾಡಿದೆ, ನಕ್ಕೆ, ಮಸ್ಕಿಯಲ್ಲಿ ಬಸ್ಸು ನಿಂತಾಗ ಮಿರ್ಚಿ ಭಜಿ ಕೊಡಿಸಿದೆ. ಅವರು ಭಜಿ ಬಿಟ್ಟು, ಅದನ್ನು ಕಟ್ಟಿದ್ದ ಕಾಗದವನ್ನು ಬಿಡಿಸಿ ಎರಡೂ ಕಡೆ ಓದಿದರು.

ಆ ವಾರದಲ್ಲೇ ಅವರು ಮತ್ತೊಮ್ಮೆ ಜವಳಗೇರಾಕ್ಕೆ ಹೋಗಿ ಬಂದರು. ಹೇಗಿದ್ದಾನೆಂದು ಕೇಳಿದೆ. “ದವಾಖಾನ್ಯಾಗಿಂದ ಮನಿಗೆ ಕರಕೊಂಡು ಬಂದಾರ್ರಿ,” ಎಂದರು. ಅಷ್ಟೇ ಹೇಳಿ ಕಂಪ್ಯೂಟರ್ ಕೋಣೆಯ ಒಳಗೆ ಹೋದರು.

ಆಮೇಲೆ ಆ ಹಲಗೆ ಬಂತು. ಸಿಂಧನೂರಿನವನು ತಾನು ಯಾರು ಯಾರಿಗೆ ಆ ಕೂಡಿಸಿ ಹೊಡೆದ ಗೈಡು ಕೊಟ್ಟಿದ್ದನೋ ಎಲ್ಲರನ್ನೂ ನೆನಪಿಸಿಕೊಂಡು ಹೇಳಿದ. ಅವನೂ ಅಂಜಿದ್ದ. ಒಂದೊಂದು ಪ್ರತಿಗೆ ಒಂದೊಂದು ಮೊಳೆಯಂತೆ ಅಕ್ಕೋರು ಹಲಗೆಗೆ ಹೊಡೆದು ಕಂಪ್ಯೂಟರ್ ಕೋಣೆಯ ಗೋಡೆಗೆ ತೂಗುಹಾಕಿದರು. ಬಳಗಾನೂರಿಗೆ, ಮಸ್ಕಿಗೆ, ಕಾಲುವೆಗುಂಟ ವಲಸೆ ಬಂದವರ ಕ್ಯಾಂಪುಗಳಿಗೆ ತಾವೇ ಹೋಗಿ, ಹಳೆಯದನ್ನು ಇಸಿದುಕೊಂಡು, ಚೌಕಟ್ಟು ಹಾಕಿದ ನಮ್ಮದನ್ನು ಕೊಟ್ಟು ಬರುತ್ತಿದ್ದರು. ತಂದ ಪ್ರತಿಯನ್ನು ಹರಿದು ಒಲೆಗೆ ಹಾಕಿ, ಸೋಡಾ ಬಾಟಲಿಯ ಬಿಲ್ಲೆಯೊಂದನ್ನು ಅದರ ಮೊಳೆಗೆ ಹಾಕುತ್ತಿದ್ದರು. ಗೈಡಿನ ಮೊದಲ ಪುಟಕ್ಕೆ ಒಂದು ಮಾತು ಸೇರಿತು: ‘ನಕಲು ಮಾಡುವವರು ಸಾಲುಗಳನ್ನು ಕೂಡಿಸಬಾರದು. ಜಾಗ ಉಳಿಸಲು ಹೋಗಬಾರದು.’ ಅದನ್ನು ಎಷ್ಟು ಸಲ ಹೊಡೆದೆನೋ, ಒಮ್ಮೆಯೂ ಗೊಣಗಲಿಲ್ಲ. ಸಿಂಧನೂರಿನವನು ಮಾಡಿದ್ದು ನನ್ನಂಥ ಯಾವ ಮಾಸ್ತರನಾದರೂ ಮಾಡಬಹುದಾದ ಜಾಣತನವೆಂದು ನನಗೆ ಗೊತ್ತಿತ್ತು.

ಮೊಳೆಗಳು ತುಂಬುತ್ತ ಬಂದವು. ಕೊನೆಗೆ ಮೂಲೆಯ ಒಂದು ಮೊಳೆ ಉಳಿಯಿತು. ಒಂದು ವರ್ಷವಾಯಿತು, ಎರಡಾಯಿತು, ಅದಕ್ಕೆ ಬಿಲ್ಲೆ ಬರಲಿಲ್ಲ. ಅಕ್ಕೋರು ತಿಂಗಳಿಗೊಮ್ಮೆ ಜವಳಗೇರಾ ಕಡೆ ಹೋಗುವುದೂ ನಿಲ್ಲಲಿಲ್ಲ. ಆ ಒಂದು ಪ್ರತಿಯನ್ನು ಹುಡುಕಲೆಂದೇ ಹೋಗುತ್ತಾರೆಂದು ನಾನು ತಿಳಿದೆ. ನನಗೆ ಅದೊಂದು ತಮಾಷೆಯಾಯಿತು. “ಅಕ್ಕೋರ, ನಿಮ್ಮ ಮನಷ್ಯಾ ಇನ್ನಾ ಮ್ಯಾಲ ಬರಲಿಲ್ಲೇನ್ರಿ?” ಎಂದು ಹಲಗೆಯ ಕಡೆ ಕೈ ಮಾಡಿ ಕೇಳುತ್ತಿದ್ದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಇಲ್ರಿ ಮಾಸ್ತರ, ಇನ್ನಾ ಬಂದಿಲ್ಲ,” ಎನ್ನುತ್ತಿದ್ದರು. ನಾನೂ ನನ್ನ ಮಟ್ಟಿಗೆ ಹುಡುಕಿದೆ. ರದ್ದಿ ಅಂಗಡಿಗಳಲ್ಲಿ, ಬೀಡಾ ಕಟ್ಟುವ ಕಾಗದದಲ್ಲಿ. ಸಿಕ್ಕರೆ ಒಯ್ದುಕೊಟ್ಟು ಅವರನ್ನು ಒಮ್ಮೆ ನಗಿಸಬೇಕೆಂಬ ಆಸೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇನ್‌ಸ್ಟಿಟ್ಯೂಟು ಮುಚ್ಚಿತು. ಮಾಲೀಕರು ಮಷಿನ್ನುಗಳನ್ನು ಮಾರಿದರು. ಅ‌ಕ್ಕೋರು ಹಲಗೆಯೊಂದನ್ನು ಮಾತ್ರ ಕಂಕುಳಲ್ಲಿಟ್ಟುಕೊಂಡು ಹಟ್ಟಿಯ ಬಸ್ಸು ಹತ್ತಿದರು. ಅಂದೂ ನಾನು ಅದೇ ತಮಾಷೆ ಮಾಡಿದೆ.

ಹಟ್ಟಿಯಲ್ಲಿ ಅವರ ತಂಗಿ ನನ್ನನ್ನು ಒಳಗೆ ಕರೆದರು. ಶಾಲೆಯ ಟೀಚರು, ಅಕ್ಕನದೇ ದನಿ. ಬುದ್ಧನ ಪಟದ ಕೆಳಗೆ ಅಕ್ಕೋರ ಫೋಟೋ ಇಟ್ಟು ಮೇಣದ ಬತ್ತಿ ಹಚ್ಚಿದ್ದರು. ಎದುರಿನ ಗೋಡೆಯ ಮೇಲೆ ಹಲಗೆ ಇತ್ತು. ಬಿಲ್ಲೆಗಳಿಗೆ ಜಂಗು ಹಿಡಿದಿತ್ತು. ಮೂಲೆಯ ಮೊಳೆ ಖಾಲಿಯೇ ಇತ್ತು.

ನಾನು ಜೇಬಿನಿಂದ ಬಿಲ್ಲೆ ತೆಗೆದೆ. “ಆ ಒಂದು ಕಾಗದ ಕಡೀಗೂ ಸಿಗಲಿಲ್ಲ ಅವರಿಗೆ. ಇನ್ನ ಸಿಗೂದೂ ಇಲ್ಲ. ಇದನ್ನ ಹಾಕಿಬಿಡ್ಲೇನ್ರಿ?” ಎಂದೆ.

ತಂಗಿ ನನ್ನ ಕೈ ನೋಡಿದರು, ಮುಖ ನೋಡಿದರು.

“ಕಾಗದ ಎಲ್ಲಾ ಆ ವರ್ಷನ ಬಂದಾವಲ್ರಿ ಸರ್. ಒಂದೂ ಉಳಿದಿಲ್ಲ. ಆ ಮೊಳಿ ಕಾಗದದ್ದಲ್ರಿ. ಜವಳಗೇರಾದವಂದು.”

“ಅವ ಎದ್ದು ಕುಂತು ಚಹಾ ಕುಡದಾನ್ರಿ. ನಾನ ಕೊಟ್ಟೀನಿ.”

“ಕುಡದಾನಂತ್ರಿ. ಆರಾಮ ಆತು ಅಂತ ಮಾರನೇ ದಿನ ದವಾಖಾನಿಯವರು ಬ್ಯಾಡ ಅಂದ್ರೂ ಮನಿಗೆ ಕರಕೊಂಡು ಹೋಗ್ಯಾರ. ಆ ವಿಷ ಆರಾಮ ಆದಂಗ ಮಾಡಿ ಮತ್ತ ತಿರುಗತೈತಂತ, ಅಲ್ಲೆ ಉಸಿರು ಹಿಡದು ಹೋಗಿಬಿಟ್ಟಾನ. ಅಕ್ಕ ನೋಡಾಕ ಹೋದಾಗ ಮಣ್ಣು ಮುಗಿದಿತ್ತಂತ. ಅವನ ಹೆಂಡತೀನ ನೋಡಾಕ ತಿಂಗಳಾ ಹೋಗ್ತಿದ್ಲು, ಮೈಯಾಗ ಶಕ್ತಿ ಇರೋತನಕ ಹೋದ್ಲು.” ಮೇಣದ ಬತ್ತಿಯನ್ನು ಸರಿಮಾಡುತ್ತ ಹೇಳಿದರು, “ನಿಮಗ ಹೇಳಬ್ಯಾಡ ಅಂತಿದ್ಲ್ರಿ. ಮಾಸ್ತರು ಅಂಜತಾರ, ಆ ಚಹಾ ಕುಡಿಸಿದ ಖುಷಿ ಅವರಿಗಿರ್ಲಿ ಅಂತಿದ್ಲು.”

ಅಷ್ಟು ವರ್ಷ ಆ ಮೊಳೆಯ ಮುಂದೆ ನಿಂತು ನಾನು ಕೇಳುತ್ತಿದ್ದದ್ದು, ಅವರು ಕನ್ನಡಕ ಒರೆಸುತ್ತ ಹೇಳುತ್ತಿದ್ದದ್ದು, ಎಲ್ಲ ಒಟ್ಟಿಗೆ ಕಿವಿಗೆ ಬಂತು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಗಣಿಯ ಪಾಳಿ ಬಿಟ್ಟ ಸೈರನ್ನು ಕೂಗಿತು. ಜನ ಮಾತಾಡುತ್ತ ಮನೆಗಳಿಗೆ ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು. ನಾನು ಆ ಬಿಲ್ಲೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.